ಪಿಯಾನೊ ನುಡಿಸಿದ ಮಹಾರಾಜರು

ಮೈಸೂರು ಅಂದಕೂಡಲೇ ನಮಗೆ ದಸರಾ, ಆನೆ, ಅಂಬಾರಿ ನೆನಪಾಗ್ತಾವ. ನಾನು ಅಲ್ಲಿಯ ಕೊನೆಯ ಮಹಾರಾಜರ ಸಂಗೀತದ ಕಥೆ ಹೇಳ್ತೀನಿ.

ಶ್ರೀ ಜಯಚಾಮರಾಜೇಂದ್ರ ಒಡೆಯರು 1919ರ ಜುಲೈ 18ರಂದು ಜನಿಸಿದರು. ಅವರಿಗೆ ಪಿಯಾನೊ ಅಂದರೆ ಪ್ರಾಣ. ಅದನ್ನು ನಮ್ಮ ಭಜನಿ ಪೇಟಿಯ ಹಾಗೆ ಕರಿ-ಬಿಳಿ ಪಟ್ಟಿ ಒತ್ತಿ ನುಡಿಸ್ತಾರೆ. ಆದರೆ ಪೇಟಿಗೆ ಗಾಳಿ ಬೇಕು. ಪಿಯಾನೊದಲ್ಲಿ ಸಣ್ಣ ಸುತ್ತಿಗೆಗಳು ತಂತಿಗೆ ಬಡಿದು ನಾದ ಬರ್ತದೆ. ದೊಡ್ಡ ವಾದಕರಾಗಬೇಕೆಂಬುದು ಅವರ ಆಸೆಯಾಗಿತ್ತು. ಆದರೆ 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. 21ನೇ ವಯಸ್ಸಿಗೇ ಪಟ್ಟವೇರಬೇಕಾಯಿತು. ಆಸೆ ಅಲ್ಲೇ ಉಳಿಯಿತು. ಅಭ್ಯಾಸ ಮಾತ್ರ ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದರು.

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಗಾರರಿದ್ದರು. ವಯಸ್ಸಾಗಿತ್ತು, ಹೃದಯದ ಬ್ಯಾನಿ ಇತ್ತು, ಕೈಯಲ್ಲಿ ರೊಕ್ಕ ಇರಲಿಲ್ಲ. ಅವರ ರಚನೆಗಳ ಸ್ವರ ಕಾಗದದ ಮೇಲೆ ಉಳಿಯಬಹುದು. ಆದರೆ ಅವರು ನುಡಿಸುವ ರೀತಿ ಅವರ ಬೆರಳಿನ ಜೊತೆಗೇ ಹೋಗಿಬಿಡ್ತಿತ್ತು. ಮಹಾರಾಜರು ಖರ್ಚು ಕೊಟ್ಟು, ಅವರ ಕೈಯಿಂದಲೇ ನುಡಿಸಿ ಗ್ರಾಮಾಫೋನ್ ತಟ್ಟೆ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಹೋದರೂ ಅವರ ವಾದನ ಇಂದಿಗೂ ಕೇಳಲು ಸಿಗ್ತದೆ.

ಮಹಾರಾಜರು ಕರ್ನಾಟಕ ಸಂಗೀತದಲ್ಲೂ 94 ಕೃತಿಗಳನ್ನು ರಚಿಸಿದರು. 1956ರಲ್ಲಿ ನಮ್ಮ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಮಗೂ ರಾಜ್ಯಪಾಲರಾದರು. 1974ರ ಸೆಪ್ಟೆಂಬರ್ 23ರಂದು ನಿಧನರಾದರು.

ತನ್ನ ಆಸೆ ಈಡೇರದಿದ್ದರೂ ಇನ್ನೊಬ್ಬರ ವಿದ್ಯೆ ಉಳಿಸುವುದು ದೊಡ್ಡ ಗುಣ ಅಂತ ನನಗನ್ನಿಸ್ತದೆ. ನೀವೇನಂತೀರಿ?