ಸಮಾಜಶಾಸ್ತ್ರದ ಮೂಲಪುರುಷ ಇಬ್ನ್ ಖಲ್ದೂನ್

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಸೈನ್ಸೋ ಕಾಮರ್ಸೋ ಎಂಬ ಚರ್ಚೆ ಆರಂಭವಾಗುತ್ತದೆ. ಆರ್ಟ್ಸ್ ಸೇರಿ ಸಮಾಜಶಾಸ್ತ್ರ ಓದುತ್ತೇನೆಂದರೆ, ಕೆಲಸ ಎಲ್ಲಿದೆ ಎಂದು ಹಿರಿಯರು ಕೇಳುತ್ತಾರೆ. ಆದರೆ ಈ ಶಾಸ್ತ್ರ ಹುಟ್ಟಿದ್ದೇ ಒಬ್ಬ ನೌಕರನ ಅನುಭವದಿಂದ. ಅವರೇ ಅಲ್ಲಾಮಾ ಇಬ್ನ್ ಖಲ್ದೂನ್.

ಹಿಜರಿ 732ರ ರಮಝಾನ್ ಮೊದಲ ದಿನ, ಅಂದರೆ 1332ರ ಮೇ 27ರಂದು ಅವರು ಟ್ಯುನಿಸ್ ನಗರದಲ್ಲಿ ಜನಿಸಿದರು. ಪೂರ್ವಜರು ಸ್ಪೇನಿನ ಸೆವಿಲ್ ನಗರದಿಂದ ಬಂದವರು. ಬಾಲ್ಯದಲ್ಲೇ ಕುರ್‌ಆನ್ ಕಂಠಪಾಠ ಮಾಡಿ ಹದೀಸ್, ಫಿಕ್‌ಹ್, ಅರಬಿ ವ್ಯಾಕರಣ ಕಲಿತರು. ಹದಿನೇಳನೇ ವಯಸ್ಸಿನ ಹೊತ್ತಿಗೆ ಪ್ಲೇಗು ಮಹಾಮಾರಿ ತಂದೆ-ತಾಯಿಯನ್ನೂ ಹಲವು ಗುರುಗಳನ್ನೂ ಕಿತ್ತುಕೊಂಡಿತು.

ಟ್ಯುನಿಸ್ ದರ್ಬಾರಿನಲ್ಲಿ ರಾಜಪತ್ರಗಳಿಗೆ ಸಂಬಂಧಿಸಿದ ಸಣ್ಣ ಹುದ್ದೆಯಿಂದ ಅವರ ನೌಕರಿ ಶುರುವಾಯಿತು. ಮುಂದೆ ಫೆಝ್ ನಗರದಲ್ಲಿ ಕಾರ್ಯದರ್ಶಿಯಾದರು. ಅಲ್ಲೇ ಸಂಚಿನ ಆರೋಪದ ಮೇಲೆ ಸುಮಾರು ಎರಡು ವರ್ಷ ಸೆರೆಮನೆಯನ್ನೂ ಕಂಡರು. 1364ರಲ್ಲಿ ಗ್ರನಾಡಾದ ರಾಯಭಾರಿಯಾಗಿ ಸೆವಿಲ್‌ಗೆ ಹೋದಾಗ, ತನ್ನ ಬಳಿ ಉಳಿದರೆ ಪೂರ್ವಜರ ಆಸ್ತಿಯನ್ನು ಮರಳಿ ಕೊಡುವುದಾಗಿ ಅಲ್ಲಿನ ಕ್ರೈಸ್ತ ದೊರೆ ಪೆದ್ರೋ ಹೇಳಿದನು. ಅವರು ಒಪ್ಪಲಿಲ್ಲ. ನಂತರ ಬಿಜಾಯಾದಲ್ಲಿ ಮಂತ್ರಿಯಾಗಿ, ಬೆಟ್ಟದ ಬರ್ಬರ್ ಕುಲಗಳಿಂದ ತೆರಿಗೆ ವಸೂಲು ಮಾಡಲು ತಾವೇ ಹೋದರು. ಸುಲ್ತಾನರ ಪರವಾಗಿ ಅರಬ್ ಕುಲಗಳೊಡನೆ ಸಂಧಾನ ನಡೆಸಿದರು. ಮಾನವಶಾಸ್ತ್ರದವರು ಇಂದು ಕ್ಷೇತ್ರಕಾರ್ಯ ಎನ್ನುತ್ತಾರಲ್ಲ, ಅದು ಅವರಿಗೆ ನೌಕರಿಯಲ್ಲೇ ಸಿಕ್ಕಿತು.

ರಾಜಕೀಯದಿಂದ ಬೇಸತ್ತು 1375ರಲ್ಲಿ ಇಂದಿನ ಅಲ್ಜೀರಿಯಾದ ಇಬ್ನ್ ಸಲಾಮಾ ಕೋಟೆಗೆ ಕುಟುಂಬ ಸಮೇತ ಸೇರಿಕೊಂಡರು. ಅಲ್ಲಿ 1377ರಲ್ಲಿ, ಕೇವಲ ಐದು ತಿಂಗಳಲ್ಲಿ, 'ಮುಕದ್ದಿಮಾ'ದ ಮೊದಲ ಕರಡು ಸಿದ್ಧವಾಯಿತು. ರಾಜ್ಯಗಳು ಏಕೆ ಏಳುತ್ತವೆ, ಏಕೆ ಬೀಳುತ್ತವೆ ಎಂಬುದು ಅದರ ಮುಖ್ಯ ಪ್ರಶ್ನೆ. ಕಷ್ಟದಲ್ಲಿ ಬಾಳುವ ಮರುಭೂಮಿಯ ಜನರಲ್ಲಿ ಒಗ್ಗಟ್ಟು ಬಲವಾಗಿರುತ್ತದೆ. ಇದನ್ನು ಅವರು ಅಸಬಿಯ್ಯಾ ಎಂದು ಕರೆದರು. ಆ ಬಲದಿಂದ ನಗರವನ್ನು ಗೆಲ್ಲುತ್ತಾರೆ, ಸುಖಕ್ಕೆ ಒಗ್ಗುತ್ತಾರೆ, ಸಾಮಾನ್ಯವಾಗಿ ಮೂರು ತಲೆಮಾರಿನಲ್ಲಿ ರಾಜ್ಯ ಮುಪ್ಪಾಗುತ್ತದೆ. ಕೇಳಿದ ಸುದ್ದಿಯನ್ನೆಲ್ಲ ಇತಿಹಾಸವೆಂದು ನಂಬದೆ, ಸಮಾಜದ ಸ್ವಭಾವಕ್ಕೆ ಅದು ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕೆಂದೂ ತಿಳಿಸಿದರು. ಮಕ್ಕಳನ್ನು ಅತಿಯಾಗಿ ದಂಡಿಸಿದರೆ ಅವರು ಸೋಮಾರಿತನ, ಸುಳ್ಳು, ಕಪಟವನ್ನು ಕಲಿಯುತ್ತಾರೆಂದು ಅದೇ ಗ್ರಂಥದಲ್ಲಿ ಬರೆದಿದ್ದಾರೆ. ಬೆತ್ತ ನಂಬಿದ ನಮ್ಮಂಥ ಅಧ್ಯಾಪಕರ ವರ್ಗ ಆರು ಶತಮಾನದ ಹಿಂದೆಯೇ ಈ ಪಾಠ ಓದಬೇಕಿತ್ತು!

1382ರಲ್ಲಿ ಈಜಿಪ್ಟಿಗೆ ಹೋಗಿ, ಎರಡು ವರ್ಷಗಳ ಬಳಿಕ ಕೈರೋದಲ್ಲಿ ಮಾಲಿಕಿ ಕಾಝಿಯಾದರು. ಅವರನ್ನು ಸೇರಲು ಹೊರಟಿದ್ದ ಕುಟುಂಬ ಹಡಗು ದುರಂತದಲ್ಲಿ ಸಮುದ್ರದ ಪಾಲಾಯಿತು. ಲಂಚಕ್ಕೆ, ಶಿಫಾರಸಿಗೆ ಬಗ್ಗದ ಕಾರಣ ವಿರೋಧಿಗಳು ಹೆಚ್ಚಿ ಹುದ್ದೆ ಹೋಯಿತು. ಆದರೂ ಒಟ್ಟು ಆರು ಬಾರಿ ಅದೇ ಪದವಿಗೆ ನೇಮಕವಾದರು. 1401ರಲ್ಲಿ ತೈಮೂರನು ಡಮಾಸ್ಕಸ್ಸಿಗೆ ಮುತ್ತಿಗೆ ಹಾಕಿದಾಗ, ಸುಮಾರು ಎಪ್ಪತ್ತರ ಈ ವೃದ್ಧರು ಹಗ್ಗ ಹಿಡಿದು ಕೋಟೆಗೋಡೆ ಇಳಿದು ಅವನನ್ನು ಭೇಟಿಯಾದರು. 1406ರ ಮಾರ್ಚ್ 17ರಂದು ಕೈರೋದಲ್ಲಿ ಇಹಲೋಕ ತ್ಯಜಿಸಿದರು.

ಅವರು ಊರೂರು ಅಲೆದು ಕಲಿತದ್ದನ್ನು ಇಂದು ಕಾಲೇಜಿನಲ್ಲೇ ಕಲಿಯಬಹುದು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ನೆಟ್ ಅಥವಾ ಕೆ-ಸೆಟ್ ಪಾಸಾದವರು ಕಾಲೇಜು ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಬಹುದು. ಎಂ.ಎಸ್.ಡಬ್ಲ್ಯು. ಮಾಡಿದವರಿಗೆ ಆಸ್ಪತ್ರೆ, ಮಕ್ಕಳ ರಕ್ಷಣೆ, ಸೇವಾಸಂಸ್ಥೆಗಳಲ್ಲಿ ಅವಕಾಶವಿದೆ. ಯು.ಪಿ.ಎಸ್.ಸಿ. ಸಿವಿಲ್ ಸರ್ವಿಸಸ್ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರವನ್ನಾಗಲಿ ಮಾನವಶಾಸ್ತ್ರವನ್ನಾಗಲಿ ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಸಂಶೋಧನೆಯ ಒಲವುಳ್ಳವರಿಗೆ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ನಮ್ಮ ಮೈಸೂರಿನಲ್ಲೇ ಇದೆ.