ಬೆತ್ತ ಹಿಡಿಯದ ಗಿಜುಭಾಯಿ

ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ಒಬ್ಬ ಶಿಕ್ಷಕರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದವರು ಗುಜರಾತಿನ ಗಿಜುಭಾಯಿ ಬಧೇಕಾ. ಕಾರಣವನ್ನು ಮರೆಮಾಚಲಾರೆ. ಬೇರೊಂದು ಊರಿನ ಶಾಲೆಯಲ್ಲಿ ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ನಾನು ನಾಗರಬೆತ್ತವಿಲ್ಲದೆ ತರಗತಿಯೊಳಗೆ ಕಾಲಿಟ್ಟವನಲ್ಲ. ಆಟಿಯ ಮಳೆ ಹಂಚಿನ ಮೇಲೆ ಭೋರ್ಗರೆಯುವಾಗ ಮಕ್ಕಳ ಗದ್ದಲವನ್ನು ಅಡಗಿಸಲು ಬೇರೆ ಉಪಾಯ ನನಗೆ ತಿಳಿದಿರಲಿಲ್ಲ.

ಗಿಜುಭಾಯಿಯವರು 1885ರ ನವೆಂಬರ್ 15ರಂದು ಸೌರಾಷ್ಟ್ರದಲ್ಲಿ ಜನಿಸಿದರು. ಆಫ್ರಿಕಾಕ್ಕೆ ಹೋಗಿ ಬಂದು ವಕೀಲರಾದರು. 1913ರಲ್ಲಿ ಮಗ ಹುಟ್ಟಿದ. ಅವನನ್ನು ಎಂತಹ ಶಾಲೆಗೆ ಕಳುಹಿಸುವುದೆಂಬ ಚಿಂತೆಯೇ ಅವರನ್ನು ಮಾರಿಯಾ ಮಾಂಟೆಸ್ಸೊರಿಯವರ ಗ್ರಂಥಗಳತ್ತ ಒಯ್ದಿತು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದರು. ಅಲ್ಲಿ ಹೊಡೆತವೂ ಇರಲಿಲ್ಲ, ಬಹುಮಾನದ ಆಮಿಷವೂ ಇರಲಿಲ್ಲ. ಮೀಸೆಯುಳ್ಳ ತಾಯಿಯೆಂದು ಜನ ಅವರನ್ನು ಅಕ್ಕರೆಯಿಂದ ಕರೆದರು.

ತರಗತಿಯ ತುಂಟತನಕ್ಕೆ ಅವರು ಕಂಡ ಮದ್ದು, 1932ರಲ್ಲಿ ಪ್ರಕಟವಾದ ಅವರ ‘ದಿವಾಸ್ವಪ್ನ’ದಲ್ಲಿದೆ. ಕಲ್ಪಿತ ಅಧ್ಯಾಪಕನೊಬ್ಬ ಸರಕಾರಿ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಪ್ರಯೋಗಕ್ಕೆಂದು ಕೇಳಿ ಪಡೆಯುತ್ತಾನೆ. ಮೊದಲ ದಿನವೇ ಸೋಲು. ಮೌನದ ಆಟವಾಡಿಸಹೋದರೆ ಮಕ್ಕಳು ಕೂಗಾಡಿ ತರಗತಿಯನ್ನು ಸಂತೆಯಾಗಿಸುತ್ತಾರೆ. ಅವನು ಯಾರನ್ನೂ ಹೊಡೆಯುವುದಿಲ್ಲ; ರಜೆ ಕೊಟ್ಟು ಕಳುಹಿಸಿ, ಅದಕ್ಕಾಗಿ ಆಕ್ಷೇಪಣೆಯನ್ನೂ ಕೇಳಿ, ತನ್ನ ಎಣಿಕೆ ಎಲ್ಲಿ ತಪ್ಪಿತೆಂದು ಯೋಚಿಸುತ್ತಾನೆ. ಮರುದಿನ ಕತೆ ಹೇಳತೊಡಗುತ್ತಾನೆ. ಗದ್ದಲವೆಬ್ಬಿಸಿದ ಮಕ್ಕಳೇ ಮೈಯೆಲ್ಲ ಕಿವಿಯಾಗಿ ಕುಳಿತಿರುತ್ತಾರೆ. ಕತೆಯ ನಡುವೆ ನಿಲ್ಲಿಸಿ ಹಾಜರಿ ತೆಗೆದುಕೊಂಡರೂ, ಮುಂದಿನ ಭಾಗದ ಆಸೆಯಿಂದ ಸದ್ದಿಲ್ಲದೆ ಒಪ್ಪುತ್ತಾರೆ. ಕತೆ ಹೇಳುವುದೂ ಒಂದು ಪಾಠವೇ ಎಂದು ಇತರ ಅಧ್ಯಾಪಕರು ಹಗುರವಾಗಿ ಕಾಣುತ್ತಾರೆ. ನಾನು ಅಲ್ಲಿದ್ದರೆ ಅವರ ಸಾಲಿನಲ್ಲಿಯೇ ನಿಲ್ಲುತ್ತಿದ್ದೆನೆಂಬುದರಲ್ಲಿ ಸಂದೇಹವಿಲ್ಲ.

ಮಕ್ಕಳ ಕತೆಗಳು, ಆಟಗಳು, ಹೆತ್ತವರಿಗೆ ತಿಳಿವಳಿಕೆ ಹೇಳುವ ಪುಸ್ತಕಗಳು ಎಂದು ಬಹಳ ಬರೆದ ಗಿಜುಭಾಯಿಯವರು 1939ರ ಜೂನ್ 23ರಂದು, 53ರ ಪ್ರಾಯದಲ್ಲಿ ಕಾಲವಾದರು.

ಆ ಪುಸ್ತಕ ನನ್ನ ಕೈಸೇರುವ ಹೊತ್ತಿಗೆ ತಡವಾಗಿತ್ತು. ನನ್ನಿಂದ ಪೆಟ್ಟು ತಿಂದ ಹುಡುಗನೊಬ್ಬ ಮರುದಿನದಿಂದ ಶಾಲೆಗೆ ಬಂದಿರಲಿಲ್ಲ. ಓದಿ ಮುಗಿಸಿದ ವಾರವೇ ಅವನ ಮನೆಗೆ ಹೋದೆ. ತಾಯಿ ನನಗೆ ಬೆಲ್ಲ, ನೀರು ಕೊಟ್ಟು ಉಪಚರಿಸಿದರು. ಹುಡುಗ ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಇಳಿದವನು ನಾನು ಹೊರಡುವವರೆಗೂ ಹಿಂತಿರುಗಲಿಲ್ಲ.