ಹೃದಯಕ್ಕೆ ಕೊಳವೆ ಹಾಕಿದರೆ ಪ್ರಾಣ ಹೋಗುತ್ತದೆಯೇ?

ಹೀಗೊಂದು ಭಯ ನಮ್ಮಲ್ಲಿ ಅನೇಕರಿಗಿದೆ. ಒಂದು ಕಾಲದಲ್ಲಿ ವೈದ್ಯರಿಗೂ ಇತ್ತು. 1929ರಲ್ಲಿ ಜರ್ಮನಿಯ ಯುವ ವೈದ್ಯ ವರ್ನರ್ ಫೋರ್ಸ್‌ಮನ್, ಮೇಲಿನ ವೈದ್ಯರು ಬೇಡವೆಂದರೂ ತಮ್ಮ ಎಡತೋಳಿನ ರಕ್ತನಾಳದೊಳಗೆ 65 ಸೆಂ.ಮೀ. ಕೊಳವೆ ತೂರಿಸಿಕೊಂಡು, ನಡೆದೇ ಹೋಗಿ ಎಕ್ಸ್‌ರೇ ತೆಗೆಸಿದರು. ಕೊಳವೆಯ ತುದಿ ಹೃದಯದಲ್ಲಿತ್ತು. ಅವರು ಬದುಕಿಯೇ ಇದ್ದರು!

ಆಗ ಮನ್ನಣೆ ಸಿಗಲಿಲ್ಲ. ಅವರು ಮೂತ್ರರೋಗ ತಜ್ಞರಾದರು. ನಾಜಿ ಪಕ್ಷ ಸೇರಿದ್ದರೆಂಬುದನ್ನೂ ನಾವು ಮುಚ್ಚಿಡುವಂತಿಲ್ಲ. 1956ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. 1979ರಲ್ಲಿ ತೀರಿಕೊಂಡರು.

ಇಂದು ಹೃದಯಬಡಿತ ತಾಳ ತಪ್ಪಿದಾಗ ಸಾಮಾನ್ಯವಾಗಿ ತೊಡೆಸಂದಿಯ ರಕ್ತನಾಳದಿಂದ ಕೊಳವೆ ಕಳಿಸಿ, ತೊಂದರೆ ಕೊಡುವ ಚಿಕ್ಕ ಜಾಗವನ್ನಷ್ಟೇ ಸುಡುತ್ತಾರೆ. ಇದೇ ಅಬ್ಲೇಷನ್. ಎದೆ ಸೀಳಬೇಕಿಲ್ಲ. ಅಪಾಯ ಪೂರ್ತಿ ಇಲ್ಲವೆಂದಲ್ಲ. ಅದನ್ನು ಹೃದ್ರೋಗ ತಜ್ಞರಲ್ಲಿ ಕೇಳೋಣ, ಫಾರ್ವರ್ಡ್‌ಗಳಲ್ಲಿ ಹುಡುಕುವುದು ಬೇಡ.